ಪ್ರೌಟ್ ಸಾಹೇಬರ ಮೇಣದ ಅರಮನೆ

ಲೆಮ್ಯುಯೆಲ್ ಪ್ರೌಟ್ ಸಾಹೇಬರನ್ನು ಅಂಗಡಿಯವರೆಂದು ಯಾರಾದರೂ ಕರೆದರೆ ಅವರ ಮೂಗಿನ ತುದಿ ಕೆಂಪಾಗುತ್ತಿತ್ತು. ಅಂಗಡಿಯವನು ಎಂದರೆ ಬೀದಿಯ ಕೊನೆಯಲ್ಲಿರುವ ಐರಿಷ್ ಮನುಷ್ಯ ಡೆವನಿ. ತಾವು ವರ್ತಕರು. ಡೆವನಿಯೂ ಕೆಟಲ್ಲು, ಬಾಣಲೆ, ಲಾಟೀನು ಮಾರುತ್ತಿದ್ದ. ಸಾಹೇಬರೂ ಅವನ್ನೇ ಮಾರುತ್ತಿದ್ದರು. ವ್ಯತ್ಯಾಸ ಇಷ್ಟೆ: ಡೆವನಿಯ ಕೆಟಲ್ಲಿನಲ್ಲಿ ನೀರು ಕುದಿಯುತ್ತಿತ್ತು, ಸಾಹೇಬರ ಕೆಟಲ್ಲು ಊರಿಂದ ಬಂದದ್ದಾಗಿತ್ತು.

ಮೆಲ್ಬರ್ನಿನ ಒಳನಾಡಿನಲ್ಲಿರುವ ನಮ್ಮ ಯಾಲನ್‌ಬರ್ರಾದಲ್ಲಿ ಊರು ಎಂದರೆ ಯಾಲನ್‌ಬರ್ರಾ ಅಲ್ಲ, ಇಂಗ್ಲೆಂಡ್. ಇಲ್ಲೇ ಹುಟ್ಟಿ, ಇಲ್ಲಿಯ ಕುರಿಮಾಂಸ ತಿಂದು ಬೆಳೆದು, ಸಮುದ್ರವನ್ನು ಕಣ್ಣಿಂದ ನೋಡದವರು ಕೂಡ ಡಿಸೆಂಬರಿನಲ್ಲಿ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, "ಊರಲ್ಲಿ ಈಗ ಹಿಮ ಬೀಳ್ತಿರುತ್ತೆ ಕಣ್ರೀ" ಎಂದು ನಿಟ್ಟುಸಿರು ಬಿಡುವುದು ಇಲ್ಲಿಯ ಮರ್ಯಾದೆ. ಚಿನ್ನ ಅಗೆಯಲು ಬಂದು ಮಣ್ಣು ಅಗೆದವರ ಊರು ಇದು. ಸಿಗದ ಚಿನ್ನದ ಜಾಗದಲ್ಲಿ ಇಂಗ್ಲೆಂಡನ್ನು ಇಟ್ಟುಕೊಂಡಿದ್ದೇವೆ. ಅದಕ್ಕೆ ತೂಕವೂ ಇಲ್ಲ, ಕಳ್ಳರ ಭಯವೂ ಇಲ್ಲ.

ಊರಿಂದ ಸಾಮಾನಿನ ಪೆಟ್ಟಿಗೆ ಬಂದರೆ ಅದನ್ನು ಅಂಗಡಿಯೊಳಗೆ ಒಡೆಯುವ ಪದ್ಧತಿಯಿಲ್ಲ. ಬೀದಿಯಲ್ಲೇ, ಹೆಂಗಸರೆಲ್ಲ ಸುತ್ತ ನೆರೆದ ಮೇಲೆ ಮೊಳೆ ಕಿತ್ತು, ಹುಲ್ಲು ಹೊರಗೆಳೆದು, ಪಿಂಗಾಣಿ ಬಟ್ಟಲನ್ನೋ ಹಿತ್ತಾಳೆಯ ದೀಪವನ್ನೋ ಒಂದೊಂದಾಗಿ ಎತ್ತಿ ತೋರಿಸಬೇಕು. ಆ ಹುಲ್ಲನ್ನು ಕೂಡಲೇ ಗುಡಿಸಬಾರದು. ಇಂಗ್ಲೆಂಡಿನ ಹುಲ್ಲು! ಅದನ್ನು ಚಿಟಿಕೆಯಲ್ಲಿ ಎತ್ತಿ ಮೂಸಿ ಕಣ್ಣೀರು ಹಾಕಿದ ಮುದುಕಿಯರನ್ನು ನಾನು ನೋಡಿದ್ದೇನೆ. ಹಡಗು ಬಾರದ ತಿಂಗಳುಗಳಲ್ಲಿ ಪ್ರೌಟ್ ಸಾಹೇಬರು ಮೆಲ್ಬರ್ನಿನ ಸಾಮಾನನ್ನೇ ಹಳೆಯ ಪೆಟ್ಟಿಗೆಗೆ ತುಂಬಿ, ಅದೇ ಹಳೆಯ ಹುಲ್ಲನ್ನು ಹೊದಿಸಿ, ಹಿತ್ತಲಲ್ಲಿ ಕೂತು ಮೊಳೆ ಹೊಡೆದು, ಮರುದಿನ ಬೀದಿಗೆ ತಂದು ಒಡೆಯುತ್ತಿದ್ದರು. ನನ್ನ ಜೀನು-ಲಗಾಮಿನ ಅಂಗಡಿ ಅವರ ಪಕ್ಕದ್ದೇ. ಆ ಸುತ್ತಿಗೆಯ ಸದ್ದು ನನಗೆ ಕೇಳುತ್ತಿತ್ತು. ನನಗೊಬ್ಬನಿಗೇನು, ಎಲ್ಲರಿಗೂ ಗೊತ್ತಿತ್ತು. ಹುಲ್ಲು ಸವೆದು ಹೊಟ್ಟಾಗಿತ್ತು. ಆದರೂ ಸುತ್ತ ನಿಂತು ಭಲೇ ಎನ್ನುತ್ತಿದ್ದೆವು. ಮೋಸ ಹೋಗುವುದಕ್ಕೂ ಒಂದು ಅಂತಸ್ತು ಬೇಕಲ್ಲ!

ಸಾಹೇಬರ ಮಾತು ಯಾವಾಗಲೂ "ಎಕ್ಸೆಟರಿನಲ್ಲಿ ನಾನಿದ್ದಾಗ" ಎಂದೇ ಶುರುವಾಗಬೇಕು. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ಯಾವುದೋ ದೊಡ್ಡ ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ ಅವರಿದ್ದದ್ದು ನಿಜ. ಅಲ್ಲಿ ಏನಾಗಿದ್ದರು ಎಂದು ಒಮ್ಮೆ ಅವರ ಹೆಂಡತಿ ಕೆಜಾಯಳನ್ನು ಕೇಳಿದೆ.

"ನೆಲಮಾಳಿಗೇಲಿ ಪೆಟ್ಟಿಗೆಗೆ ಹುಲ್ಲು ತುಂಬ್ತಿದ್ರು" ಅಂದಳು. "ಬೆಳಿಗ್ಗೆ ಹೊತ್ತು ಅಂಗಡಿ ಮುಂದೆ ಗುಡಿಸೋಕೆ ಮೇಲಕ್ಕೆ ಬಿಡ್ತಿದ್ರಂತೆ. ಆಗ ಅಂಗಡಿಯ ಗಾಜಿನ ಕಿಟಕಿ ನೋಡಿರೋದು."

ಸಾಹೇಬರ ವ್ಯಾಪಾರಜ್ಞಾನವೆಲ್ಲ ಹೀಗೆ ಹೊರಗಿನಿಂದ, ಪೊರಕೆ ಹಿಡಿದು ನೋಡಿದ್ದು.

ಅಂಗಡಿಯನ್ನು ನಿಜಕ್ಕೂ ಹುಟ್ಟಿಸಿದವಳು ಕೆಜಾಯ. ಚಿನ್ನದ ಹುಚ್ಚಿನ ಮೊದಲ ವರ್ಷಗಳಲ್ಲಿ ಸಾಹೇಬರು ಚಿನ್ನ ಅಗೆಯುವ ಗುಂಡಿಯೊಳಗಿದ್ದರೆ ಅವಳು ಡೇರೆಯ ಮುಂದೆ ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದಳು. ಸೋತು ಹೊರಟವರ ಬಾಣಲೆ, ಚೊಂಬು, ಕೊಡಲಿಗಳನ್ನು ಕೊಂಡು, ಆಸೆಯಿಂದ ಬಂದವರಿಗೆ ಮಾರುತ್ತಿದ್ದಳು. ಬರುವವರೂ ಹೋಗುವವರೂ ಸಮಸಮ ಇದ್ದ ಕಾಲ, ವ್ಯಾಪಾರ ಬೆಳೆಯಿತು. ಡೇರೆ ಹೋಗಿ ಹಲಗೆಯ ಗೋಡೆ, ತಗಡಿನ ಮಾಡು, ಮುಂದೆ ಅಗಲವಾದ ವರಾಂಡ ಬಂತು. ಬೀದಿಯ ಉತ್ತರದ ಸಾಲಿನಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಆ ಅಂಗಡಿಯಲ್ಲಿ ಎಂಥ ಬೇಸಿಗೆಯಲ್ಲೂ ತಂಪು. ಅವಳು ಬಾಣಲೆಯನ್ನು ಬೆರಳ ಗೆಣ್ಣಿನಿಂದ ಬಡಿದು, "ಕೇಳು, ಈ ದನಿ ನಿನ್ನ ಹೆಂಡತಿಗಿಂತ ಜಾಸ್ತಿ ದಿನ ಬಾಳುತ್ತೆ" ಎಂದು ಗಣಿಯವರನ್ನು ನಗಿಸುತ್ತ ಮಾರುತ್ತಿದ್ದರೆ, ನಾವು ಬೇಡದ ಬಾಣಲೆಯನ್ನೂ ಕೊಂಡು ಮನೆಗೆ ಹೋಗಿ ಬೈಸಿಕೊಳ್ಳುತ್ತಿದ್ದೆವು.

ಈ ನಡುವೆ ಸಾಹೇಬರು ಗುಂಡಿಯಿಂದ ಮೇಲೆ ಬಂದು, ಕೆನ್ನೆಮೀಸೆ ಬಿಟ್ಟು, ಪುರಸಭೆಯ ಸದಸ್ಯರಾದರು. ಡೇರೆಯ ಕಾಲದಲ್ಲಿ ಹೆಂಡತಿ "ಲೆಮ್" ಎಂದು ಕೂಗಿದರೆ ಓಡಿ ಬರುತ್ತಿದ್ದವರು ಈಗ ನಾಲ್ಕು ಜನರ ಎದುರು ಮಿಸ್ಟರ್ ಪ್ರೌಟ್ ಎಂದೇ ಕರೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ಅವಳು ಒಪ್ಪಿದಳು. ನಾಲ್ಕು ಜನ ಇಲ್ಲದಾಗಲೂ ಹಾಗೇ ಕರೆಯತೊಡಗಿದಳು. ಆ ಎರಡು ಶಬ್ದಗಳಲ್ಲಿ ಅವಳು ಏನೇನು ತುಂಬುತ್ತಿದ್ದಳೆಂದು ಸಾಹೇಬರಿಗೆ ಕೊನೆವರೆಗೂ ತಿಳಿಯಲಿಲ್ಲ.

ಸದಸ್ಯನಾದವನಿಗೆ ಮೇಯರ್ ಆಗಬೇಕೆನ್ನಿಸುವುದು ಸಹಜ. ಹೊಸ ವರ್ಷಕ್ಕೆ ಹೊಸ ಮೇಯರ್ ಬರಬೇಕಿತ್ತು. ಒಂದು ಸಂಜೆ ವರಾಂಡದಲ್ಲಿ ನಾನು, ಡೆವನಿ, ಇನ್ನೂ ಕೆಲವರು ಬೆಂಚಿನ ಮೇಲೆ ಕೂತಿದ್ದಾಗ ಸಾಹೇಬರು ಕೋಟಿನ ಎರಡೂ ಅಂಚು ಹಿಡಿದುಕೊಂಡು ಎದುರಿಗೆ ಬಂದು ನಿಂತರು. ಅದು ಅವರು ಏನನ್ನಾದರೂ ಘೋಷಿಸುವ ಭಂಗಿ.

"ಎದುರಿನ ನಿವೇಶನ ಕೊಂಡಿದ್ದೀನಿ. ಇಟ್ಟಿಗೆ ಕಟ್ಟಡ. ಮಹಡಿ. ಮುಂದುಗಡೆ ಒಂದೇ ಹಾಳೆಯ ದಪ್ಪ ಗಾಜಿನ ಕಿಟಕಿ. ಈ ಜಿಲ್ಲೆಯಲ್ಲೇ ಅಂಥದ್ದಿಲ್ಲ."

"ಎದುರುಗಡೆ ಅಂದ್ರೆ ಕಿಟಕಿ ಉತ್ತರಕ್ಕೆ ಮುಖ ಮಾಡುತ್ತಲ್ಲ ಸಾಹೇಬ್ರೇ?" ಎಂದ ಡೆವನಿ.

"ಉತ್ತರಕ್ಕೇ. ಅದಕ್ಕೇ ಆ ಜಾಗ ಹಿಡಿದದ್ದು. ಮೇಣ, ಸಾಬೂನು, ಬಣ್ಣದ ಪರದೆ ಇಂಥ ನಾಜೂಕು ಸಾಮಾನಿಡೋ ಕಿಟಕಿ ಉತ್ತರಕ್ಕೇ ಇರ್ಬೇಕು. ಬಿಸಿಲು ತಾಕಲ್ಲ. ಎಕ್ಸೆಟರಿನಲ್ಲಿ ನಾನಿದ್ದಾಗ ಯಜಮಾನ್ರು ಇದನ್ನ ನಂಗೆ ಬಾಯಾರೆ ಹೇಳಿದ್ರು."

ಎಕ್ಸೆಟರಿನಲ್ಲಿ ಅದು ನಿಜವಿರಬಹುದು. ಅಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲಿ ನಡೆಯುತ್ತಾನೆ, ನಮ್ಮಲ್ಲಿ ಉತ್ತರದಲ್ಲಿ. ಇದು ನಮ್ಮ ಕೋಳಿಗಳಿಗೆ ಗೊತ್ತು. ಸಾಹೇಬರಿಗೂ ಗೊತ್ತಿಲ್ಲದೆ ಏನಿಲ್ಲ. ಮಧ್ಯಾಹ್ನ ನಿದ್ದೆಗೆ ಕುರ್ಚಿಯನ್ನು ಯಾವ ಕಡೆಗೆ ಎಳೆದುಕೊಳ್ಳಬೇಕೆಂದು ಅವರ ಮೈಗೆ ಚೆನ್ನಾಗಿ ತಿಳಿದಿತ್ತು. ಆದರೆ ಮೈಗೆ ತಿಳಿದದ್ದು ಬರೀ ಯಾಲನ್‌ಬರ್ರಾದ ತಿಳಿವಳಿಕೆ. ತಲೆಯಲ್ಲಿದ್ದದ್ದು ಎಕ್ಸೆಟರಿನದು. ಎರಡಕ್ಕೂ ಜಗಳ ಬಂದರೆ ಗೆಲ್ಲುವುದು ಯಾವುದೆಂದು ಕೇಳಬೇಕೆ?

"ಆ ಕಡೆ ಬಿಸಿಲು ಬರುತ್ತೆ ಸಾಹೇಬ್ರೇ" ಎಂದೆ ನಾನು.

"ಉತ್ತರದ ಕಿಟಕಿಗೆ ಬಿಸಿಲು ಬರಲ್ಲ ಕಣಯ್ಯಾ! ಜೀನು ಹೊಲಿಯೋನಿಗೆ ಕಿಟಕಿ ವಿಷಯ ಯಾಕೆ?"

"ವರಾಂಡ ಹಾಕ್ಸಿದ್ರೆ ಏನೂ ತೊಂದ್ರೆ ಇಲ್ಲ ಬಿಡಿ" ಎಂದ ಡೆವನಿ.

"ವರಾಂಡ! ಕುದುರೆ ಕಟ್ಟೋಕಾ? ಲಂಡನ್ನಿನಲ್ಲಿ ಯಾವ ದೊಡ್ಡ ಅಂಗಡಿಗೆ ವರಾಂಡ ಇದೆ, ಹೇಳು ನೋಡೋಣ."

"ನಂಗೇನ್ ಗೊತ್ತು ಸ್ವಾಮಿ. ನಾನು ಲಂಡನ್ ನೋಡಿದ್ದು ಹಡಗಿನ ಕಿಂಡಿಯಿಂದ. ಮಳೆ ಹೊಯ್ತಿತ್ತು, ಏನೂ ಕಾಣ್ಸಲಿಲ್ಲ."

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಎನ್ನುತ್ತಾರೆ. ನಮ್ಮ ಸಾಹೇಬರು ಅವನಿಗಿಂತ ಒಂದು ಕೈ ಮೇಲು, ನಡುಮಧ್ಯಾಹ್ನ ಕೊಡೆ ಮಡಚಲು ಹೊರಟಿದ್ದರು.

ಕೆಜಾಯ ಒಳಗಿನಿಂದ ಲಾಟೀನಿನ ಗಾಜು ಒರೆಸುತ್ತ ಬಾಗಿಲಿಗೆ ಬಂದಳು. "ಈ ಅಂಗಡಿ ಏನಾಗುತ್ತೆ?"

"ಕೀಳಿಸ್ತೀನಿ. ಎದುರಿಗೆ ಗಾಜಿನ ಅಂಗಡಿ ಇರುವಾಗ ಈ ತಗಡಿನ ಗೂಡು ಕಣ್ಣಿಗೆ ಬೀಳಬಾರದು. ನೀನು ಮಹಡಿ ಮೇಲೆ ದಿವಾನಖಾನೇಲಿ ಕೂತ್ಕೋ. ಕೈಗವಸು ಹಾಕ್ಕೋ. ಮೇಯರ್ ಹೆಂಡ್ತಿ ಆಗೋಳು ಬಾಣಲೆ ಬಡೀತಾ ನಿಂತಿರ್ತಾಳಾ?"

"ದಿವಾನಖಾನೇಲಿ ನಾನು ಏನ್ ಮಾಡ್ಲಿ?"

"ಏನೂ ಮಾಡಬಾರದು. ಅದೇ ಮರ್ಯಾದೆ ಅಂದ್ರೆ."

ಕಾಯಿದೆಯ ಪ್ರಕಾರ ಹೆಂಡತಿ ಕಟ್ಟಿದ ಅಂಗಡಿಯೂ ಗಂಡನದೇ; ಇಟ್ಟರೆ ಅವನು ಇಟ್ಟ, ಕಿತ್ತರೆ ಅವನು ಕಿತ್ತ. ಕೆಜಾಯ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಒರೆಸಿ, ಮೆಲ್ಲಗೆ ಹೇಳಿದಳು:

"ಸರಿ, ಮಿಸ್ಟರ್ ಪ್ರೌಟ್. ಇಷ್ಟು ಜನರ ಮುಂದೆ ಒಂದು ಮಾತು ಕೊಡಿ. ಹೊಸ ಅಂಗಡಿ ಬಾಗಿಲು ತೆಗೆದ ದಿನ, ಸಂಜೆ ಬಾಗಿಲು ಹಾಕೋದ್ರೊಳಗೆ, ಅಲ್ಲಿಂದ ಒಂದೇ ಒಂದು ಸಾಮಾನು ಮಾರಿ ತೋರ್ಸಿ. ಒಂದು ಚಮಚ ಆದ್ರೂ ಸಾಕು. ಮಾರಿದ್ರೆ ಈ ಅಂಗಡಿಯ ಮೊದಲನೇ ಹಲಗೆ ನಾನೇ ಕಿತ್ತು, ಬಾಯಿ ಮುಚ್ಕೊಂಡು ಮಹಡಿ ಹತ್ತೀನಿ. ಮಾರದೇ ಹೋದ್ರೆ ಇದು ಇಲ್ಲೇ ಇರುತ್ತೆ, ನಾನೂ ಇಲ್ಲೇ ಇರ್ತೀನಿ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಂದು ಚಮಚ! ಕೇಳಿದ್ರಾ ಎಲ್ರೂ? ಕೊಟ್ಟೆ ಮಾತು!"

"ಕೇಳಿದ್ವಿ" ಎಂದ ಡೆವನಿ. ಮೇಯರ್ ಆಗಲು ಹೊರಟವರು ಬೀದಿಯಲ್ಲಿ ಕೊಟ್ಟ ಮಾತನ್ನು ತಪ್ಪುವಂತಿರಲಿಲ್ಲ. ಅದನ್ನು ಲೆಕ್ಕ ಹಾಕಿಯೇ ಅವಳು ಕೇಳಿದ್ದಳು. ಆದರೆ ಕೇಳಿದ್ದು ಬಲು ಕಮ್ಮಿಯಾಯಿತೆಂದು ನಮಗೆಲ್ಲ ಅನ್ನಿಸಿತು. ಹೊಸ ಅಂಗಡಿಯ ಮೊದಲ ದಿನ ಒಂದು ಚಮಚವೂ ಹೋಗದೆ ಇರುತ್ತದೆಯೇ? ಅಳುವ ಮಗುವಿಗೆ ಮಿಠಾಯಿ ಕೊಟ್ಟಂತೆ ಗಂಡನಿಗೆ ಗೆಲುವು ಕೊಟ್ಟುಬಿಟ್ಟಳಲ್ಲ ಎಂದು ನಾನು ಮನೆಯಲ್ಲಿ ಹೇಳಿಕೊಂಡೆ.

ಕಟ್ಟಡ ಚಳಿಗಾಲದಲ್ಲಿ ಎದ್ದು ನಿಂತಿತು. ಗಾಜು ಕೂರಿಸಿದ ದಿನವೇ ಸಾಹೇಬರು ಒಳಗಿನಿಂದ ದಪ್ಪ ಕಾಗದದ ಪರದೆ ಇಳಿಬಿಟ್ಟರು. ಒಳಗೆ ತಯಾರಾಗುತ್ತಿದ್ದದ್ದನ್ನು ಡೆವನಿ ನೋಡಿ ಕದ್ದಾನೆಂಬ ಭಯ. ಡೆವನಿಗೆ ಅದನ್ನು ಕದಿಯುವಷ್ಟು ದುರಾಸೆಯೂ ಇರಲಿಲ್ಲ, ಬೇಡದ್ದನ್ನು ಇಡುವಷ್ಟು ಜಾಗವೂ ಇರಲಿಲ್ಲ. ಬಾಗಿಲು ತೆಗೆಯುವ ದಿನವೆಂದು ಕ್ರಿಸ್ಮಸ್ಸಿನ ಹಿಂದಿನ ಶನಿವಾರ ಗೊತ್ತಾಯಿತು. ಮ್ಯಾಜಿಸ್ಟ್ರೇಟರ ಹೆಂಡತಿ ಮಿಸೆಸ್ ಹಾರ್ಟಪ್ ಬಂದು ಕಾಗದದ ಪರದೆ ಎಳೆಯುವುದೆಂದಾಯಿತು. ಆಕೆ ಯಾರ ಅಂಗಡಿಯಲ್ಲಿ ಕೊಂಡರೆ ಅವರ ಅಂಗಡಿಯಲ್ಲಿ ಊರೇ ಕೊಳ್ಳುತ್ತಿತ್ತು. ಹಳೆಯ ಅಂಗಡಿ ಕೀಳಲು ಸೋಮವಾರ ಬರುವಂತೆ ಬಡಗಿ ಹೋಸ್ಕಿನ್‌ಗೆ ಸಾಹೇಬರು ಆಗಲೇ ಹೇಳಿಯೂ ಆಗಿತ್ತು.

ಶನಿವಾರ ಬೆಳಗಾದದ್ದೇ ಉತ್ತರದ ಗಾಳಿಯೊಂದಿಗೆ. ನಮ್ಮ ಬೇಸಿಗೆಯಲ್ಲಿ ಮರುಭೂಮಿಯ ಕಡೆಯಿಂದ ಬೀಸುವ ಆ ಗಾಳಿ ಬಂದರೆ ನಾಯಿಗಳು ಬೊಗಳುವುದನ್ನೂ ಮರೆಯುತ್ತವೆ. ಅಂಥದರಲ್ಲೂ ಸಾಹೇಬರು ಕಪ್ಪು ಉಣ್ಣೆಯ ಕೋಟು, ಎತ್ತರದ ಟೋಪಿ ಹಾಕಿಕೊಂಡು ಬಂದರು. ಕೆಜಾಯಳನ್ನು ಕತ್ತಿನವರೆಗೆ ಗುಂಡಿ ಹಾಕಿದ ರೇಷ್ಮೆಯಲ್ಲಿ, ಬಿಳಿ ಕೈಗವಸಿನಲ್ಲಿ, ಹೊಸ ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಅವಳು ಎದುರಿನ ತನ್ನ ಅಂಗಡಿಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಮಿಸೆಸ್ ಹಾರ್ಟಪ್ ದಾರ ಎಳೆದರು. ಕಾಗದ ಸುರುಳಿಯಾಗಿ ಬಿತ್ತು.

ಹೇಳಬಾರದೇಕೆ, ನಾವೆಲ್ಲ ಬಾಯಿ ಬಿಟ್ಟೆವು. ಒಳಗೆ ಇಂಗ್ಲೆಂಡಿನ ರಾಣಿಯ ವಿಂಡ್ಸರ್ ಅರಮನೆಯೇ ನಿಂತಿತ್ತು. ಗೋಡೆಗಳೆಲ್ಲ ಹಳದಿ ಸಾಬೂನಿನ ಇಟ್ಟಿಗೆ. ಬುರುಜುಗಳು ಕಟ್ಟುಕಟ್ಟಾಗಿ ನಿಲ್ಲಿಸಿದ ಬಿಳಿಯ ಮೇಣದಬತ್ತಿ. ಸುತ್ತಲಿನ ಕಂದಕಕ್ಕೆ ನೀರಿನ ಬದಲು ನಿಲುವುಗನ್ನಡಿಗಳನ್ನು ಮಲಗಿಸಿದ್ದರು. ಬಾಗಿಲಲ್ಲಿ ಇಬ್ಬರು ಮೇಣದ ಕಾವಲುಗಾರರು, ಮುಂದೆ ಗಾಜಿನ ಗುಮ್ಮಟದೊಳಗೆ ಮೇಣದ ಸೇಬು, ದ್ರಾಕ್ಷಿ. ಕರಗಬಲ್ಲ ಒಂದೇ ಒಂದು ವಸ್ತುವನ್ನೂ ಸಾಹೇಬರು ಬಿಟ್ಟಿರಲಿಲ್ಲ.

ಅವರು ಕಿಟಕಿಗೆ ಬೆನ್ನು ಹಾಕಿ, ಪೆಟ್ಟಿಗೆಯೊಂದರ ಮೇಲೆ ನಿಂತು ಭಾಷಣ ಶುರು ಮಾಡಿದರು. ಎಕ್ಸೆಟರಿನಿಂದ ಹೊರಟ ಆ ಭಾಷಣ ಸಮುದ್ರ ದಾಟುವ ಹೊತ್ತಿಗೆ ಸೂರ್ಯ ಮಾಡಿನ ಅಂಚಿನಿಂದ ಇಣುಕಿ ಗಾಜಿನೊಳಗೆ ಕಾಲಿಟ್ಟ. ಕೆಳಗಿನಿಂದ ಕನ್ನಡಿಗಳು ಅವನನ್ನು ಹಿಡಿದು ಮತ್ತೆ ಮೇಲಕ್ಕೆ ಎಸೆದವು. ಮೊದಲು ತಲೆಬಾಗಿದವರು ಕಾವಲುಗಾರರು, ಇಬ್ಬರೂ ಒಟ್ಟಿಗೆ, ತುಂಬ ವಿನಯದಿಂದ. ಆಮೇಲೆ ಗುಮ್ಮಟದೊಳಗೆ ಸೇಬು ದ್ರಾಕ್ಷಿಯ ಮೇಲೆ ಒರಗಿತು.

"ಮಹನೀಯರೇ, ಮಹಿಳೆಯರೇ" ಎಂದು ಸಾಹೇಬರು ಕೈ ಹಿಂದಕ್ಕೆ ಚಾಚಿ ಅರಮನೆ ತೋರಿಸಿದರು, "ಈ ಬುರುಜುಗಳು ಹೇಗೆ ನೆಟ್ಟಗೆ ನಿಂತಿವೆಯೋ, ಹಾಗೆಯೇ ನಮ್ಮ ವ್ಯಾಪಾರದ ಮರ್ಯಾದೆಯೂ!"

ದೊಡ್ಡ ಬುರುಜು ಆಕಳಿಸಿದವನಂತೆ ಪಕ್ಕಕ್ಕೆ ವಾಲಿತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅದು ತಮ್ಮ ಮಾತಿಗೆ ಬಂದ ಮೆಚ್ಚುಗೆಯೆಂದುಕೊಂಡು ಸಾಹೇಬರು ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಬುರುಜು ಇನ್ನಷ್ಟು ವಾಲಿತು.

"ಸಾಹೇಬ್ರೇ" ಎಂದು ಡೆವನಿ ಹಿಂದಿನಿಂದ ಕೂಗಿದ, "ಅರಮನೇನ ಕೂತ್ಕೊಳ್ಳೋಕೆ ಹೇಳಿ, ಪಾಪ, ನಿಂತು ಸುಸ್ತಾಗಿದೆ!"

ಸಾಹೇಬರು ತಿರುಗಿದರು. ಆ ಕ್ಷಣಕ್ಕೇ ಮುಂದಿನ ಗೋಡೆಯ ಸಾಬೂನುಗಳು ಜಾರಿ, ಬುರುಜುಗಳೆಲ್ಲ ಒಂದರ ಹೆಗಲ ಮೇಲೊಂದು ತಲೆಯಿಟ್ಟು ಮಲಗಿದವು. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆಗೆ ತಿರುಗಿ, ಇಂಗ್ಲೆಂಡಿನ ಮಹಾರಾಜ್ಯಕ್ಕೇ ಯಾರೋ ಅವಮಾನ ಮಾಡಿದ್ದಾರೆಂಬಂತೆ, "ಯಾರು ಬಾಗಿಲು ತೆಗೆದದ್ದು? ಬಾಗಿಲಿನಿಂದ ಗಾಳಿ ಬಂದಿದೆ!" ಎಂದರು.

ಬಾಗಿಲು ಇನ್ನೂ ತೆಗೆದಿರಲಿಲ್ಲ. ಆಮೇಲೆ ತೆಗೆದರು.

ಇಂಥ ಹೊತ್ತಿನಲ್ಲಿ ಮೇಣದಬತ್ತಿ ಮೆಲ್ಬರ್ನಿನದು, ಕಳಪೆ ಮಾಲು ಎಂದು ಹೇಳಿ ಪಾರಾಗಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಅವನ್ನು ಊರಿನ ಹುಲ್ಲಿನಲ್ಲಿ ಸುತ್ತಿ, ಊರಿನ ಪೆಟ್ಟಿಗೆಯಿಂದ ಎಲ್ಲರೆದುರು ಎತ್ತಿ ತೋರಿಸಿದ್ದು ಹೋದ ತಿಂಗಳಷ್ಟೆ. ಸಾಹೇಬರು ನುಂಗಿಕೊಂಡರು.

ಮಿಸೆಸ್ ಹಾರ್ಟಪ್ ಒಳಗೆ ಹೋದರು. ಕೆಜಾಯ ಕುರ್ಚಿಯಿಂದ ಅರ್ಧ ಎದ್ದಳು. ಆಕೆ ಏನನ್ನಾದರೂ ಕೊಂಡರೆ ತನ್ನ ಅಂಗಡಿ ಹೋದಂತೆಯೇ. ನಾವೂ ಬಾಗಿಲಲ್ಲಿ ಕತ್ತು ಚಾಚಿ ನಿಂತೆವು. ಒಳಗೆ ರೊಟ್ಟಿಯ ಒಲೆಯ ಹಾಗೆ ಝಳ. ಆಕೆ ಗುಮ್ಮಟದ ಹಣ್ಣುಗಳ ಮುಂದೆ ನಿಂತು, "ಇದು ಏನು, ಜಾಮೇ?" ಎಂದರು. ಆಮೇಲೆ ಹಿತ್ತಾಳೆಯ ಸೌಟೊಂದನ್ನು ಕಿಟಕಿಯ ಹತ್ತಿರದಿಂದ ಎತ್ತಿದರು, ಎತ್ತಿದ ವೇಗದಲ್ಲೇ ಕೈಬಿಟ್ಟರು.

"ಅಮ್ಮಾವ್ರೇ, ಒಂದು ಚಮಚ ಆದ್ರೂ" ಎಂದು ಸಾಹೇಬರು ಬೆಳ್ಳಿ ಲೇಪದ ಚಮಚ ಹಿಡಿದು ಬೆನ್ನು ಹತ್ತಿದರು. "ಊರಿಂದ ಬಂದದ್ದು!"

"ನಮ್ಮ ಮನೇಲಿ ಚಮಚ ಇವೆ ಮಿಸ್ಟರ್ ಪ್ರೌಟ್" ಎಂದು ಆಕೆ ಹೊರಟರು. ಹೊರಟರು ಅಷ್ಟೆ, ಅವರ ಲಂಗದ ಅಂಚು ಹೊರಡಲಿಲ್ಲ. ಕಿಟಕಿಯಿಂದ ಇಳಿದ ಮೇಣ ನೆಲದ ನೆರಳಿನಲ್ಲಿ ತಣಿದು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಮರ್ಯಾದಸ್ಥ ಹೆಂಗಸು, ಬಗ್ಗಿ ಬಿಡಿಸಿಕೊಳ್ಳುವಂತಿಲ್ಲ, ಎಳೆದರು. ಒಂದು ಮೊಳ ಜರತಾರಿ ಅಂಚು ಅಲ್ಲೇ ಉಳಿಯಿತು. ಬಂಡಿ ಹತ್ತುವವರೆಗೆ ಆಕೆ ಯಾರ ಕಡೆಗೂ ನೋಡಲಿಲ್ಲ. ಮೇಯರ್ ಪದವಿಯೂ ಅದೇ ಬಂಡಿಯಲ್ಲಿ ಹೋಯಿತು.

ಗುಂಪು ಏನು ಮಾಡುತ್ತದೆ? ನೆರಳು ಹುಡುಕುತ್ತದೆ. ಒಬ್ಬೊಬ್ಬರಾಗಿ ಬೀದಿ ದಾಟಿ ಹಳೆಯ ಅಂಗಡಿಯ ವರಾಂಡದಲ್ಲಿ ತುಂಬಿಕೊಂಡೆವು. ಅಲ್ಲಿಂದ ನೋಡಿದರೆ ಅರಮನೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಗಣಿಯ ಕಡೆಯ ಹೆಂಗಸೊಬ್ಬಳು ಬೀದಿಯ ಆಚೆಗೆ ಕೂಗಿದಳು: "ಕೆಜಾಯಮ್ಮಾ! ನೊಣದ ಪರದೆ ಬೇಕಿತ್ತು. ಹಾಗೇ ಒಂದು ನೀರಿನ ತಗಡು ಚೊಂಬು. ಹಬ್ಬ ಬಂತಲ್ಲ!"

ಕೆಜಾಯ ಗಂಡನ ಕಡೆ ನೋಡಿದಳು. ಅವರು ಟೋಪಿಯಿಂದ ಕಿಟಕಿಗೆ ನೆರಳು ಹಿಡಿದು ನಿಂತಿದ್ದರು. ಅವಳು ಒಂದೊಂದೇ ಬೆರಳಾಗಿ ಕೈಗವಸು ಕಳಚಿ ಕುರ್ಚಿಯ ಮೇಲಿಟ್ಟು, ರೇಷ್ಮೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಧೂಳಿನ ಬೀದಿ ದಾಟಿ ಬಂದು ಬಾಗಿಲ ಅಡ್ಡಪಟ್ಟಿ ತೆಗೆದಳು. ಆ ದಿನ ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಕ್ರಿಸ್ಮಸ್ಸಿನ ಕಡುಬು ಬೇಯಿಸುವ ಬಟ್ಟೆಯಿಂದ ಹಿಡಿದು ಮಗುವಿನ ತೊಟ್ಟಿಲವರೆಗೆ ಹೋಯಿತು. ನಾವು ಕೊಳ್ಳಬೇಕಾದದ್ದನ್ನು ಕೊಂಡೆವು, ಬೇಡವಾದದ್ದನ್ನೂ ಕೊಂಡೆವು. ಎದುರಿಗೆ ಒಬ್ಬ ಮನುಷ್ಯ ಬಿಸಿಲಲ್ಲಿ ಕರಗುತ್ತಿರುವಾಗ ತಂಪಿನಲ್ಲಿ ನಿಂತು ವ್ಯಾಪಾರ ಮಾಡುವ ಸುಖ ದಿನಾ ಸಿಗುವುದಿಲ್ಲ.

ಆದರೂ ಪಂದ್ಯ ಮುಗಿದಿರಲಿಲ್ಲ. ಬಾಗಿಲು ಹಾಕುವ ಹೊತ್ತಾಗುತ್ತಿತ್ತು. ಆಗ ಡೆವನಿ ಎದ್ದು, ಮೀಸೆ ತೀಡಿಕೊಂಡು, ಬೀದಿ ದಾಟಿ ಸೀದಾ ಹೊಸ ಅಂಗಡಿಯೊಳಗೆ ಹೋದ. ಕೆಜಾಯಳ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು. ಬಾಗಿಲು ತೆರೆದೇ ಇದ್ದದ್ದರಿಂದ ಮಾತೆಲ್ಲ ನಮಗೆ ಕೇಳುತ್ತಿತ್ತು.

"ಸಾಹೇಬ್ರೇ, ಒಂದು ಚಮಚ ಕೊಡಿ."

"ಯಾರಿಗೆ?"

"ನಂಗೇ. ಗಂಜಿ ಕುಡಿಯೋಕೆ."

ಸಾಹೇಬರು ಗೆದ್ದಿದ್ದರು. ಕೈಯಲ್ಲೇ ಚಮಚ ಇತ್ತು, ಎದುರಿಗೆ ಗಿರಾಕಿ ಇದ್ದ. ಚಾಚಿದ್ದರೆ ಸಾಕಿತ್ತು. ಆದರೆ ಬೀದಿಯೆಲ್ಲ ನೋಡುತ್ತಿತ್ತು. ಪ್ರೌಟ್ ಎಂಬ ಮಹಾವರ್ತಕರ ಗಾಜಿನ ಅಂಗಡಿಯ ಮೊಟ್ಟಮೊದಲ ಗಿರಾಕಿ ಯಾರೆಂದು ನಾ‌ಳೆ ಜನ ಕೇಳಿದರೆ, ಬೀದಿ ಕೊನೆಯ ಐರಿಷ್ ಡೆವನಿ ಎಂದು ಹೇಳಬೇಕಾಗುತ್ತದಲ್ಲ!

"ನಿನ್ನಂಥೋನ ಬಾಯಿಗೆ ಊರಿನ ಚಮಚ ಬೇಕಾ? ಹೋಗಯ್ಯಾ, ನಿನ್ನ ಅಂಗಡೀಲಿ ಮರದ್ದಿದೆ, ಅದ್ರಲ್ಲಿ ಕುಡಿ. ನಿನಗೆ ನಾನು ಮಾರಲ್ಲ!"

"ಯೋಚ್ನೆ ಮಾಡಿ ಹೇಳಿ ಸಾಹೇಬ್ರೇ."

"ಮಾರಲ್ಲ ಅಂದ್ರೆ ಮಾರಲ್ಲ! ಈಚೆ ನಡಿ!"

ಡೆವನಿ ತಲೆ ಕೆರೆದುಕೊಳ್ಳುತ್ತ ವಾಪಸು ಬಂದ. ಕೆಜಾಯ ಅವನನ್ನು ಸುಮ್ಮನೆ ಬಿಡಲಿಲ್ಲ.

"ಏನಯ್ಯಾ ಡೆವನಿ, ನನ್ನ ಅಂಗಡಿ ಕೀಳಿಸೋಕೆ ಹೋಗಿದ್ದಾ?"

"ಹಾಗಲ್ಲ ಕಣಮ್ಮಾ. ಒಬ್ಬನೇ ನಿಂತಿದ್ದ, ಪಾಪ ಅನ್ನಿಸ್ತು."

"ಅವರ ಮೇಲೆ ಪಾಪ ಅನ್ನಿಸ್ತು, ನನ್ನ ಮೇಲೆ ಅನ್ನಿಸ್ಲಿಲ್ಲ!"

"ಮಾರ್ತಾನೆ ಅಂತ ನೀವು ಅಂದ್ಕೊಂಡ್ರಾ?" ಎಂದ ಡೆವನಿ. "ನಾನಂತೂ ಅಂದ್ಕೊಳ್ಲಿಲ್ಲ. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ."

ಕೆಜಾಯಳ ಕೈಯಲ್ಲಿ ತಕ್ಕಡಿ ಮತ್ತೆ ಅಲ್ಲಾಡಿತು.

ಎದುರಿನ ಬಾಗಿಲು ಹಾಕಿದ ಸದ್ದಾಯಿತು. ಒಂದು ಸಾಮಾನೂ ಹೋಗಿರಲಿಲ್ಲ. ಆಮೇಲೆ ಸಾಹೇಬರೇ ಬೀದಿ ದಾಟಿ ಬಂದರು. ಬೂಟಿನ ಅಡಿಗೆ ಮೇಣ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಎತ್ತರವಾಗುತ್ತಿದ್ದರು. ಅಷ್ಟರಮಟ್ಟಿಗೆ ಅವರ ಆಸೆ ಈಡೇರಿತ್ತು. ಅಂಗಡಿ ತುಂಬಿತ್ತು. ಯಾರೂ ದಾರಿ ಬಿಡಲಿಲ್ಲ. ಬೇಕೆಂದು ಬಿಡಲಿಲ್ಲವೋ ಬೆನ್ನು ಹಾಕಿದ್ದರಿಂದ ಕಾಣಲಿಲ್ಲವೋ, ನಾನಂತೂ ಬೇಕೆಂದೇ ಬಿಡಲಿಲ್ಲ. ಅವರು ನನ್ನ ಹಿಂದೆ ಸಾಲಿನಲ್ಲಿ ನಿಂತರು. ಸರದಿ ಬಂತು.

"ಏನ್ ಬೇಕಿತ್ತು, ಮಿಸ್ಟರ್ ಪ್ರೌಟ್?" ಎಂದು ಕೆಜಾಯ ಎಲ್ಲ ಗಿರಾಕಿಗಳನ್ನು ಕೇಳುವ ದನಿಯಲ್ಲೇ ಕೇಳಿದಳು.

ಸಾಹೇಬರು ಕೋಟಿನ ಅಂಚು ಹಿಡಿದುಕೊಂಡರು. ಘೋಷಿಸಲು ಏನೂ ಇರಲಿಲ್ಲ. ಕೈಬಿಟ್ಟರು.

"ಒಂದು ಕೆರೆಯೋ ಉಳಿ ಬೇಕು. ನೆಲದ ಮೇಲಿಂದ ಮೇಣ ಕೀಳೋಕೆ." ಆಮೇಲೆ ಕತ್ತು ನೆಟ್ಟಗೆ ಮಾಡಿಕೊಂಡು ಸೇರಿಸಿದರು: "ಊರಿಂದ ಬಂದದ್ದೇ ಕೊಡು."

"ಊರಿಂದ ಬರೋಕೆ ನಾಲ್ಕು ತಿಂಗಳು ಬೇಕು. ಅಲ್ಲೀವರೆಗೂ ಮೇಣದ ಮೇಲೇ ಓಡಾಡ್ತೀರಾ?"

"ಹಾಗಾದ್ರೆ..." ಸಾಹೇಬರು ನಮ್ಮನ್ನೆಲ್ಲ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹಾಗಾದ್ರೆ ಇಲ್ಲಿಯದೇ ಕೊಡು. ಕಾಗದದಲ್ಲಿ ಸುತ್ತಿ ಕೊಡು."

ಅವಳು ಸುತ್ತಿ ಕೊಟ್ಟಳು. ಅವರು ಬಾಗಿಲವರೆಗೆ ಹೋಗಿ, ಏನೋ ನೆನಪಾದವರಂತೆ ತಿರುಗಿದರು.

"ಸೋಮವಾರ ಹೋಸ್ಕಿನ್ ಬರ್ತಾನೆ."

"ಬರ್ಲಿ" ಎಂದಳು ಕೆಜಾಯ, ಮುಂದಿನವಳಿಗೆ ಬಾಣಲೆ ಬಡಿದು ತೋರಿಸುತ್ತ. "ಆ ಕಡೆಗೆ ಕಳಿಸ್ತೀನಿ. ನಿಮ್ಮ ಕಿಟಕಿಗೆ ವರಾಂಡ ಹಾಕ್ಲಿ."

"ಲಂಡನ್ನಿನಲ್ಲಿ ಯಾವ ಅಂಗಡಿಗೂ..." ಎಂದು ಸಾಹೇಬರು ಶುರು ಮಾಡಿದರು. ಕೇಳುವವರು ಯಾರೂ ಇರಲಿಲ್ಲ. ಬಾಣಲೆಯ ದನಿ ಚೆನ್ನಾಗಿತ್ತು. ಎಲ್ಲರೂ ಅದನ್ನು ಕೇಳುತ್ತಿದ್ದರು.